ಮರಿ ಒಂಟಿ ಇದ್ದಾಗ ಅಮ್ಮ ಹಕ್ಕಿ ಎಲ್ಲಿ ಹೋಗಿತ್ತು? ಮಗಳಿಗೆ ಏನು ಹೇಳಲಿ?

ರಾಗಿಗುಡ್ಡ_ಅಮ್ಮ

ಎಲ್ಲರಿಗೂ ನಮಸ್ಕಾರ. ಇದು ಕೈತೋಟದ ಪ್ರಶ್ನೆಯೋ ಮಕ್ಕಳ ಪ್ರಶ್ನೆಯೋ ನನಗೇ ಸರಿಯಾಗಿ ತಿಳಿಯುತ್ತಿಲ್ಲ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮದು ಜೆ.ಪಿ. ನಗರದ ಮೂರನೇ ಹಂತದಲ್ಲಿ ಹಳೇ ಕಾಲದ ಮನೆ. ಕೆಳಗೆ ಅತ್ತೆ, ಮಾವ. ಮೇಲೆ ನಾವು ಮೂವರು. ತೋಟ ಅಂದರೆ ಕಾರು ನಿಲ್ಲಿಸಿ ಮಿಕ್ಕಿದ ಜಾಗ. ಅಷ್ಟರಲ್ಲೇ ಅತ್ತೆ ಒಂದು ಕರಿಬೇವು, ಎರಡು ದಾಸವಾಳ, ಒಂದು ನಿಂಬೆ, ಒಂದು ಮಲ್ಲಿಗೆ ಬಳ್ಳಿ ಬೆಳೆಸಿದ್ದಾರೆ. ಮಲ್ಲಿಗೆ ಗ್ರಿಲ್ ಹಿಡಿದು ಹತ್ತಿ ನಮ್ಮ ಬಾಲ್ಕನಿಯನ್ನೂ ಅರ್ಧ ಮುಚ್ಚಿದೆ.

ಈ ಬೇಸಿಗೆಯಲ್ಲಿ ಆ ಬಳ್ಳಿಯೊಳಗೆ ಪಿಕಳಾರ ಗೂಡು ಕಟ್ಟಿತು. ತಲೆ ಮೇಲೆ ಕರೀ ಜುಟ್ಟು, ಕೆನ್ನೆ ಮೇಲೆ ಕೆಂಪು, ಬಾಲದ ಬುಡದಲ್ಲೂ ಕೆಂಪು. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಅವಳು ಅದಕ್ಕೆ ‘ಜುಟ್ಟಮ್ಮ’ ಅಂತ ಹೆಸರಿಟ್ಟಳು. ತೆಂಗಿನ ನಾರು, ಒಣ ಬೇರು, ಜೊತೆಗೆ ನಮ್ಮದೇ ಮನೆಯ ಹಾಲಿನ ಪ್ಯಾಕೆಟ್ಟಿನ ಒಂದು ನೀಲಿ ಚೂರು ಸೇರಿಸಿ ಕಟ್ಟಿದ ಬಟ್ಟಲು ಅದು. ಮೂರು ಮೊಟ್ಟೆ. ತಿಳಿ ಗುಲಾಬಿ ಬಣ್ಣ, ಮೇಲೆ ಕುಂಕುಮ ಎರಚಿದ ಹಾಗೆ ಚುಕ್ಕೆ. ಎರಡರಿಂದ ಮರಿ ಬಂದವು. ಒಂದು ಮೊಟ್ಟೆ ಹಾಗೇ ಉಳಿಯಿತು.

ಅಡುಗೆಮನೆ ಕಿಟಕಿಯಿಂದ ಗೂಡು ಚೆನ್ನಾಗಿ ಕಾಣುತ್ತದೆ. ಮಗಳು ಸ್ಟೂಲ್ ಹಾಕಿಕೊಂಡು ಅಲ್ಲೇ ಕೂರುವುದು. ಹತ್ತಿರ ಹೋಗಬಾರದು ಅಂತ ಮಾತಾಗಿತ್ತು, ಹೋಗಲೂ ಇಲ್ಲ. ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮರಿಗಳ ಊಟ ಬರೆಯುತ್ತಿದ್ದಳು: “ಹಸಿರು ಹುಳ. ಹಸಿರು ಹುಳ. ಕಾಲಿರೋದು. ಹಸಿರು ಹುಳ. ಗೊತ್ತಾಗಲಿಲ್ಲ. ಹಸಿರು ಹುಳ.” ಕನ್ನಡ ಬರೆಯಲು ಇಷ್ಟು ದಿನ ಗೋಗರೆದರೂ ಬರೆಯದವಳು!

ಹೋದ ಶನಿವಾರ ಬೆಳಿಗ್ಗೆ ಕೆಂಬೂತ ಬಂತು. ಹಾರಿ ಬರಲಿಲ್ಲ. ಕಾಂಪೌಂಡ್ ಮೇಲಿಂದ ಬಳ್ಳಿಯೊಳಗೆ ನುಗ್ಗಿ, ನಡೆದುಕೊಂಡೇ ಮೇಲೆ ಬಂತು. ಆ ಹೊತ್ತಿಗೆ ಗೂಡಿನ ಹತ್ತಿರ ದೊಡ್ಡ ಹಕ್ಕಿ ಒಂದೂ ಇರಲಿಲ್ಲ. ಒಂದು ಮರಿಯನ್ನು ಕೊಕ್ಕಿನಲ್ಲಿ ಹಿಡಿದ ಮೇಲೆ ಎಲ್ಲಿಂದಲೋ ಎರಡೂ ಪಿಕಳಾರಗಳು ಓಡಿ ಬಂದವು. ಕಿರುಚಿದವು, ಮೇಲೆ ಬಿದ್ದವು, ಏನೂ ಆಗಲಿಲ್ಲ. ಮಗಳು ಸ್ಟೂಲ್ ಮೇಲೇ ಇದ್ದಳು, ಎಲ್ಲ ನೋಡಿದಳು. ಮಧ್ಯಾಹ್ನ ನಾವು ಹೊರಗೆ ಹೋಗಿ ಬರುವಷ್ಟರಲ್ಲಿ ಎರಡನೇ ಮರಿಯೂ ಇರಲಿಲ್ಲ.

ಅವಳು ಅಳಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: “ಮರಿ ಒಂಟಿ ಇದ್ದಾಗ ಜುಟ್ಟಮ್ಮ ಎಲ್ಲಿ ಹೋಗಿತ್ತು?”

ನನಗೆ ಉತ್ತರ ಬರಲಿಲ್ಲ. ಯಾಕೆ ಅಂದರೆ ನಾನು ಬೆಳಿಗ್ಗೆ ಎಂಟಕ್ಕೆ ರಾಗಿಗುಡ್ಡ ಸ್ಟೇಷನ್ನಿನಲ್ಲಿ ಹಳದಿ ಮೆಟ್ರೊ ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವಳು. ವಾಪಸ್ ಬರುವುದು ಏಳಕ್ಕೆ. ಸ್ಕೂಲಿನಿಂದ ಬಂದ ಮಗಳನ್ನು ನೋಡಿಕೊಳ್ಳುವುದು ಅತ್ತೆ. ಒಳ್ಳೆಯವರು, ಸುಳ್ಳು ಹೇಳಬಾರದು. ಆದರೆ ಮಾರನೇ ದಿನ ಕಾಫಿ ಕುಡಿಯುತ್ತಾ ಅವರು, “ಅದಕ್ಕೇ ಹೇಳೋದು, ತಾಯಿ ಆದವಳು ಮನೇಲಿರಬೇಕು” ಅಂದರು. ಹಕ್ಕಿಗೆ ಹೇಳಿದ್ದು ಅಂತ ನಮ್ಮನೆಯವರ ವಾದ. ಯಾವ ಹಕ್ಕಿಗೆ ಅಂತ ನನಗೆ ಗೊತ್ತು.

ಅದೇ ದಿನ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ವಿಡಿಯೊ ಹಾಕಿದರು. ಹದ್ದು ತನ್ನ ಮರಿಯನ್ನು ಬೆಟ್ಟದ ಮೇಲಿಂದ ತಳ್ಳಿ ಹಾರುವುದನ್ನು ಕಲಿಸುತ್ತದಂತೆ, ಈಗಿನ ಮಕ್ಕಳನ್ನು ನಾವು ಮುದ್ದು ಮಾಡಿ ಹಾಳು ಮಾಡುತ್ತಿದ್ದೇವಂತೆ. ಒಬ್ಬರು ಬಿಟ್ಟು ಹೋಗಬಾರದು ಅನ್ನುತ್ತಾರೆ, ಇನ್ನೊಬ್ಬರು ತಳ್ಳಿ ಅನ್ನುತ್ತಾರೆ.

ನನ್ನ ಪ್ರಶ್ನೆಗಳು ಇಷ್ಟು. ಮಗಳಿಗೆ ಏನು ಹೇಳಲಿ? ಮುಂದಿನ ಸಲ ಗೂಡು ಕಟ್ಟಿದರೆ ಸುತ್ತ ಬಲೆ ಹಾಕಬಹುದಾ? ಅವಳು ಈಗ ಬಾಲ್ಕನಿ ಕಡೆಗೇ ಬರುತ್ತಿಲ್ಲ, ಬಲವಂತ ಮಾಡಲಾ, ಬಿಡಲಾ? ಇನ್ನೊಂದು: ಕರಿಬೇವಿನ ಗಿಡದ ತುಂಬಾ ಹುಳ ಬಿದ್ದಿವೆ, ಅತ್ತೆ ಬೇವಿನೆಣ್ಣೆ ಹೊಡೆಯುತ್ತೇನೆ ಅಂತಿದ್ದಾರೆ. ಇರುವ ಜೀವಗಳನ್ನೂ ಈಗಲೇ ಸಾಯಿಸುವುದು ಬೇಡ ಅನ್ನಿಸುತ್ತಿದೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಮೇಡಂ, ನಾನು ಬಿಟಿಎಂ ಲೇಔಟಿನವನು, ನಾಲ್ಕನೇ ಮಹಡಿ. ನಮ್ಮ ಪಾಲಿನ ವನ್ಯಜೀವಿ ಅಂದರೆ ಎಸಿ ಔಟ್‌ಡೋರ್ ಯೂನಿಟ್ಟಿನ ಹಿಂದಿರುವ ಪಾರಿವಾಳ. ಬಲೆ ಹಾಕಿಸಬೇಕು ಅಂತ ಆಳನ್ನು ಕರೆಸುವಷ್ಟರಲ್ಲಿ ಮೊಟ್ಟೆ ಇಟ್ಟುಬಿಟ್ಟಿತ್ತು. ಗೂಡು ಅನ್ನಲೂ ನಾಚಿಕೆ ಆಗಬೇಕು, ನಾಲ್ಕು ಕಡ್ಡಿ, ಒಂದು ಹರಿದ ಕೇಬಲ್ ಟೈ, ಅಷ್ಟೇ.

ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಹಾಗಾಗಿ ಮೀಟಿಂಗ್ ನಡುವೆ ಇವುಗಳ ಮೇಲೇ ಕಣ್ಣು. ಪಾರಿವಾಳದಲ್ಲಿ ಗಂಡು ಹೆಣ್ಣು ಪಾಳಿ ಹಾಕಿಕೊಂಡು ಕಾವು ಕೂರುತ್ತವೆ. ಬೆಳಿಗ್ಗೆ ಹತ್ತರ ಸುಮಾರಿಗೆ ಗಂಡು ಬಂದರೆ ಇಳಿಹೊತ್ತಿನವರೆಗೆ ಅದರದ್ದೇ ಡ್ಯೂಟಿ. ಸಂಜೆಯಿಂದ ಮಾರನೇ ಬೆಳಿಗ್ಗೆವರೆಗೆ ಹೆಣ್ಣು. ಮರಿ ಬಂದ ಮೇಲೆ ಹಾಲು ಕೊಡುವುದೂ ಇಬ್ಬರೇ. ಹಾಲು ಅಂದರೆ ಹಸುವಿನ ಹಾಲಲ್ಲ. ಗಂಟಲ ಕೆಳಗಿನ ಚೀಲದ ಒಳಗೋಡೆಯಿಂದ ಬರುವ ಕೊಬ್ಬು, ಪ್ರೋಟೀನ್ ತುಂಬಿದ ಗಟ್ಟಿ ಪದಾರ್ಥ. ಅಪ್ಪನಿಗೂ ಬರುತ್ತದೆ.

ನಿಮ್ಮ ಪಿಕಳಾರದಲ್ಲೂ ಮರಿ ಸಾಕುವುದು ಜೋಡಿಯೇ. ಮಗಳು ‘ಅಮ್ಮ ಎಲ್ಲಿ ಹೋಗಿತ್ತು’ ಅಂದಳು. ಅತ್ತೆ ‘ತಾಯಿ ಮನೇಲಿರಬೇಕು’ ಅಂದರು. ಜುಟ್ಟಪ್ಪ ಎಲ್ಲಿ ಹೋಗಿತ್ತು ಅಂತ ನಿಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಅಲ್ವಾ? ಈ ಒಂದು ಸಾಲನ್ನು ಯಜಮಾನರಿಗೆ ಓದಿ ಹೇಳಿ.

ಹಿತ್ತಲಗಿಡ

ನೋಡಮ್ಮ, ಮೊದಲು ಬಲೆಯ ವಿಷಯ ಮುಗಿಸುತ್ತೇನೆ. ಬೇಡ. ಕೆಂಬೂತ ಬರದಷ್ಟು ಬಿಗಿಯಾಗಿ ಕಟ್ಟಿದರೆ ಪಿಕಳಾರವೂ ಒಳಗೆ ಹೋಗಲು ಆಗುವುದಿಲ್ಲ. ಸಡಿಲ ಕಟ್ಟಿದರೆ ಯಾವುದಾದರೂ ಹಕ್ಕಿ ಕಾಲು ಸಿಕ್ಕಿಸಿಕೊಂಡು ಸಾಯುತ್ತದೆ. ಗೂಡಿನ ಹತ್ತಿರ ನಮ್ಮ ಓಡಾಟ ಜಾಸ್ತಿ ಆದಷ್ಟೂ ಬಿಟ್ಟು ಹೋಗುವ ಸಾಧ್ಯತೆ ಹೆಚ್ಚು. ನೀವು ಕಿಟಕಿಯಿಂದ ನೋಡಿದಿರಲ್ಲ, ಅದೇ ಸರಿಯಾದ ದೂರ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದವಳು. ಈಗ ಹನುಮಂತನಗರದ ಮನೆಯಲ್ಲಿ ಸಪೋಟ ಮರ, ಪಾರಿಜಾತ, ಮೂರು ಮೊಮ್ಮಕ್ಕಳು. ನಿಮ್ಮ ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಸಮಾಧಾನದ ಮಾತು ಬೇಕಿಲ್ಲ, ನಿಜವಾದ ಉತ್ತರವೇ ಇದೆ. ಆ ಉತ್ತರ ಅವಳ ನೋಟ್‌ಬುಕ್ಕಿನಲ್ಲೇ ಇದೆ. ಜುಟ್ಟಮ್ಮ ಹಸಿರು ಹುಳ ತರಲು ಹೋಗಿತ್ತು.

ಪಿಕಳಾರ ಹೆಚ್ಚೂಕಡಿಮೆ 12 ದಿನ ಕಾವು ಕೂರುತ್ತದೆ. ಮರಿ ಹುಟ್ಟುವಾಗ ಮೈಮೇಲೆ ಪುಕ್ಕ ಇರುವುದಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ಮೊದಲ ಕೆಲವು ದಿನ ಮೈಕಾವು ಕೊಡಲು ದೊಡ್ಡ ಹಕ್ಕಿ ಗೂಡಿನಲ್ಲಿ ಕೂರಲೇಬೇಕು. ಪುಕ್ಕ ಮೊಳೆತ ಮೇಲೆ ಮರಿಗೆ ಕಾವಿಗಿಂತ ಊಟ ಮುಖ್ಯ. ಗೂಡು ಬಿಡಲು ಮತ್ತೆ ಸುಮಾರು 12 ದಿನವೇ, ಅಷ್ಟರೊಳಗೆ ರೆಕ್ಕೆ, ಪುಕ್ಕ, ಕಾಲು ಎಲ್ಲ ಬೆಳೆಯಬೇಕು. ದೊಡ್ಡ ಪಿಕಳಾರ ಹಣ್ಣು ತಿಂದು ಬದುಕುತ್ತದೆ, ಆದರೆ ಎಳೇ ಮರಿಗೆ ಹುಳವೇ ಆಗಬೇಕು. ಅಪ್ಪ ಅಮ್ಮ ಇಬ್ಬರೂ ದಿನವಿಡೀ ಹುಡುಕಿ ತಂದರೇ ಸಾಲುವುದು. ಅಮ್ಮ ಗೂಡಿನಲ್ಲೇ ಕೂತಿದ್ದರೆ ಮರಿ ಹಸಿವಿನಿಂದ ಸಾಯುತ್ತಿತ್ತು.

ಇದಕ್ಕಿಂತ ಸ್ವಾರಸ್ಯದ್ದು ಇನ್ನೊಂದಿದೆ. ಕೋಸ್ಟರಿಕಾದಲ್ಲಿ ನೆಲೆಸಿದ್ದ ಪಕ್ಷಿ ತಜ್ಞ ಅಲೆಕ್ಸಾಂಡರ್ ಸ್ಕಚ್ 1949ರಲ್ಲಿ ಒಂದು ಮಾತು ಬರೆದರು. ಬಿಸಿಲು ನಾಡಿನ ಹಕ್ಕಿಗಳು ಮೊಟ್ಟೆ ಕಡಿಮೆ ಇಡುತ್ತವೆ, ಯಾಕೆ? ಮರಿ ಜಾಸ್ತಿ ಇದ್ದರೆ ಗೂಡಿಗೆ ಹೋಗಿ ಬರುವುದೂ ಜಾಸ್ತಿ. ಹೋಗಿ ಬರುವುದು ಜಾಸ್ತಿ ಆದಷ್ಟೂ ಕೊಲ್ಲುವವರ ಕಣ್ಣಿಗೆ ಗೂಡು ಬೀಳುತ್ತದೆ. ಅಂದರೆ ತಂದೆ ತಾಯಿ ಗೂಡಿನ ಸುತ್ತ ಸುಳಿಯದೆ ಇರುವುದೂ ಮರಿಯನ್ನು ಕಾಯುವ ಒಂದು ರೀತಿ. ಇದನ್ನು ಆಮೇಲೆ ಬೇರೆ ಬೇರೆ ಹಕ್ಕಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಸ್ಟೂಲ್ ಮೇಲೆ ಕೂತು ನೋಡಿದವರಿಗೆ ಇದು ಗೊತ್ತಿರುತ್ತದೆ: ಹುಳ ಕಚ್ಚಿಕೊಂಡ ಪಿಕಳಾರ ನೇರವಾಗಿ ಗೂಡಿಗೆ ಬರುವುದಿಲ್ಲ. ಮೊದಲು ತಂತಿ ಮೇಲೆ ಕೂರುತ್ತದೆ, ಆ ಕಡೆ ಈ ಕಡೆ ನೋಡುತ್ತದೆ, ಆಮೇಲೆ ಪಟ್ಟನೆ ಒಳಗೆ. ಮಗಳನ್ನು ಕೇಳಿ, ಅವಳು ನೋಡಿರುತ್ತಾಳೆ. ಕಳ್ಳ ಗೂಡಿಗೇ ಬಂದುಬಿಟ್ಟರೆ ಇದೇ ಹಕ್ಕಿ ರೆಕ್ಕೆ ಮುರಿದವರ ಹಾಗೆ ನಟಿಸಿ ಬೇರೆ ಕಡೆಗೆ ಸೆಳೆಯಲು ನೋಡುವುದೂ ಉಂಟು. ಎಲ್ಲ ಮಾಡಿಯೂ ಸೋಲುತ್ತದೆ. ಹೀಗೆ ಬಾಯಿ ತೆರೆದ ಬಟ್ಟಲು ಗೂಡು ಕಟ್ಟುವ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗೂಡು ಹಾಳಾಗುವುದು ನಮ್ಮ ಕಡೆ ಮಾಮೂಲು. ಅದಕ್ಕೇ ಅವು ಅದೇ ಋತುವಿನಲ್ಲಿ ಇನ್ನೊಂದು ಸಲ ಕಟ್ಟುತ್ತವೆ.

ಇನ್ನು ಕೆಂಬೂತ. ನವಿಲು ನೋಡಿ ಪುಕ್ಕ ಕೆದರಿಕೊಂಡಿತು ಅಂತ ಗಾದೆ ಹೇಳುವವರೆಲ್ಲ ಅದನ್ನು ಕಣ್ಣಲ್ಲಿ ನೋಡಿರುವುದಿಲ್ಲ. ನಿಮ್ಮ ಮಗಳು ನೋಡಿದ್ದಾಳೆ. ಅದಕ್ಕೂ ಗೂಡಿರುತ್ತದೆ. ಹೆಚ್ಚಾಗಿ ಗಂಡೇ ಕಟ್ಟುವುದು, ಕಾವು ಕೂರುವುದರಲ್ಲೂ ಗಂಡಿಗೆ ಪಾಲಿದೆ. ಅದರ ಮರಿಯೂ ಬಾಯಿ ತೆರೆದು ಕೂತಿರುತ್ತದೆ. ಆ ಹಕ್ಕಿಯನ್ನು ರಾಕ್ಷಸ ಮಾಡಬೇಡಿ. ಹಾಗಂತ ಕೆಂಬೂತವನ್ನು ಕ್ಷಮಿಸು ಅಂತ ಮಗುವಿಗೆ ಉಪದೇಶವನ್ನೂ ಮಾಡಬೇಡಿ. ಅವಳಿಗೆ ಸಿಟ್ಟು ಬಂದಿದ್ದರೆ ಬರಲಿ.

ಈಗ ನಿಮ್ಮ ಅತ್ತೆಯವರ ಮಾತು. ಅವರ ಮೇಲೆ ನನಗೆ ಕೋಪ ಇಲ್ಲ, ಅವರು ನೆಟ್ಟ ಗಿಡಗಳಿಂದಲೇ ಇಷ್ಟೆಲ್ಲ ಆಗಿರುವುದು. ಆದರೆ ತಾಯಿ ಹೀಗೇ ಇರಬೇಕು ಅಂತ ಅವರ ತೋಟವೇ ಒಪ್ಪುವುದಿಲ್ಲ. ಕಾಂಪೌಂಡ್ ಮೇಲೆ ತಲೆ ಆಡಿಸುವ ಓತಿಕ್ಯಾತ ಇದೆಯಲ್ಲ, ಅದರ ಹೆಣ್ಣು ಮಳೆ ಬಿದ್ದು ಮೆತ್ತಗಾದ ಮಣ್ಣು ಕೆದರಿ ಹತ್ತಿಪ್ಪತ್ತು ಮೊಟ್ಟೆ ಇಟ್ಟು, ಮೇಲೆ ಮಣ್ಣು ಮುಚ್ಚಿ ಹೊರಟು ಹೋಗುತ್ತದೆ. ಮಕ್ಕಳ ಮುಖ ನೋಡುವುದೇ ಇಲ್ಲ. ಮರಿಗಳು ಹುಟ್ಟಿದ ದಿನದಿಂದಲೇ ಇರುವೆ ಹಿಡಿದು ತಿನ್ನುತ್ತವೆ. ಅಲ್ಲೇ ಯಾವುದಾದರೂ ಕುಂಡದ ಕೆಳಗೆ ತೋಳ ಜೇಡ ಇರಬಹುದು. ಅದು ಮೊಟ್ಟೆಯ ಚೀಲವನ್ನು ಹಿಂದೆ ಅಂಟಿಸಿಕೊಂಡೇ ತಿರುಗುತ್ತದೆ. ಮರಿಗಳು ಬಂದ ಮೇಲೆ ಅಷ್ಟನ್ನೂ ಬೆನ್ನ ಮೇಲೆ ಹೊರುತ್ತದೆ. ಮಲ್ಲೇಶ್ವರದ ಪಕ್ಕ ಇರುವ ಐಐಎಸ್‌ಸಿ ಕ್ಯಾಂಪಸ್ಸಿನ ಮರಗಳಲ್ಲಿ ಕಾಡುಪಾಪ ಅನ್ನುವ, ರಾತ್ರಿ ಓಡಾಡುವ ಪುಟ್ಟ ಪ್ರಾಣಿಗಳಿವೆ. ಈ ಗದ್ದಲದ ಊರಿನಲ್ಲಿ! ಅದರ ತಾಯಿ ಎಳೇ ಮರಿಯನ್ನು ಹೊಟ್ಟೆಗೆ ಅಂಟಿಸಿಕೊಂಡು ಓಡಾಡುತ್ತದೆ. ಕೆಲವು ವಾರ ಕಳೆದ ಮೇಲೆ ಸಂಜೆ ಮರಿಯನ್ನು ಒಂದು ಕೊಂಬೆಯ ಮೇಲೆ ಕೂರಿಸಿ, ತಾನು ಹುಳುಹುಪ್ಪಟೆ ಹಿಡಿಯಲು ಹೋಗುತ್ತದೆ. ಬೆಳಗಾಗುವುದರೊಳಗೆ ಬಂದು ಕರೆದುಕೊಂಡು ಹೋಗುತ್ತದೆ. ನಿಮ್ಮ ಮೆಟ್ರೊ ಸಮಯದ ಉಲ್ಟಾ, ಅಷ್ಟೇ.

ಇವುಗಳಲ್ಲಿ ಯಾವುದು ಒಳ್ಳೇ ತಾಯಿ? ಈ ಪ್ರಶ್ನೆಯೇ ಸರಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಓತಿಕ್ಯಾತದ ಮರಿ ತಾನೇ ಬದುಕುವಷ್ಟು ತಯಾರಾಗಿ ಹುಟ್ಟುತ್ತದೆ, ಪಿಕಳಾರದ ಮರಿ ಹಾಗೆ ಹುಟ್ಟುವುದಿಲ್ಲ. ಮರಿ ಹೇಗೋ ಸಾಕುವುದು ಹಾಗೆ. ನಮ್ಮ ಮರಿಯಂತೂ ಎಲ್ಲಕ್ಕಿಂತ ನಿಧಾನ. ಒಬ್ಬಳು ತಾಯಿ ಒಬ್ಬಳೇ ಸಾಕಲು ಆಗದ ಮರಿ ಅದು, ಅದಕ್ಕೇ ಅಜ್ಜಿ ಇರುವುದು. ನಿಮ್ಮ ಅತ್ತೆ ಸಂಜೆ ಮಾಡುತ್ತಿರುವುದೂ ಅದನ್ನೇ, ಇದನ್ನು ಅವರಿಗೆ ಹೇಳಿ. ನಾನೂ ಅಜ್ಜಿಯೇ, ಇಂಥ ಮಾತು ಕೇಳಿದರೆ ಖುಷಿಯಾಗುತ್ತದೆ.

ಇನ್ನೊಂದು ಸೇರಿಸದೆ ಇರಲು ಆಗುತ್ತಿಲ್ಲ. ನಿಮ್ಮ ಕಿಟಕಿ ಚೌಕಟ್ಟಿನಲ್ಲಿ, ಕ್ಯಾಲೆಂಡರ್ ಹಿಂದೆ, ಪ್ಲಗ್ ಪಾಯಿಂಟಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಹರಿಕಥೆಯಲ್ಲಿ ಕೀಟಭೃಂಗ ನ್ಯಾಯ ಅಂತ ಒಂದು ದೃಷ್ಟಾಂತ ಕೇಳಿರುತ್ತೀರಿ. ಕಣಜ ಒಂದು ಹುಳ ತಂದು ಮಣ್ಣಿನಲ್ಲಿ ಮುಚ್ಚುತ್ತದೆ, ಸುತ್ತ ಗುಂಯ್‌ಗುಡುತ್ತದೆ, ಹುಳ ಅದನ್ನೇ ಧ್ಯಾನಿಸಿ ಕಣಜವಾಗಿ ಹೊರಗೆ ಬರುತ್ತದೆ ಅಂತ. ಮಕ್ಕಳ ಕಿವಿಯಲ್ಲಿ ನಮ್ಮ ಆಸೆಯನ್ನೇ ಗುಂಯ್‌ಗುಟ್ಟಿದರೆ ಅವರು ನಮ್ಮ ಹಾಗೆ ಆಗುತ್ತಾರೆ ಅಂತ ನಂಬುವವರಿಗೆ ಈ ಕಥೆ ಬಹಳ ಪ್ರಿಯ. ನಿಜದಲ್ಲಿ ನಡೆಯುವುದೇ ಬೇರೆ. ಕಣಜ ಕುಟುಕಿ ಜಡ ಮಾಡಿದ ಹುಳ ಅದರ ಮರಿಯ ಬುತ್ತಿ. ಒಳಗೆ ಇಟ್ಟ ಮೊಟ್ಟೆಯಿಂದ ಮರಿ ಬಂದು ಆ ಹುಳವನ್ನು ತಿಂದು ಬೆಳೆದು, ಮಣ್ಣು ಕೊರೆದು ಹೊರಗೆ ಬರುತ್ತದೆ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ, “ಮೇಡಂ, ಟ್ಯೂಷನ್‌ಗೆ ಸೇರಿಸಿದರಲ್ಲ, ನಾನು ಆ ಹುಳ” ಅಂದಿದ್ದ. ನಗು ತಡೆಯಲು ಆಗಲಿಲ್ಲ.

ಚಿಕ್ಕಪ್ಪನ ಹದ್ದಿನ ವಿಡಿಯೊ ಸುಳ್ಳು. ಹದ್ದು ಮರಿಯನ್ನು ತಳ್ಳುವುದಿಲ್ಲ. ಮರಿ ಗೂಡಿನ ಅಂಚಿನಲ್ಲಿ ರೆಕ್ಕೆ ಬಡಿದು ಅಭ್ಯಾಸ ಮಾಡುತ್ತದೆ, ಪಕ್ಕದ ಕೊಂಬೆಗೆ ನಡೆಯುತ್ತದೆ, ಕೊನೆಗೆ ತಾನೇ ಹಾರುತ್ತದೆ. ಹಾರಿದ ಮೇಲೂ ವಾರಗಟ್ಟಲೆ ಅಪ್ಪ ಅಮ್ಮನೇ ಊಟ ಕೊಡುತ್ತಾರೆ. ಲಾಲ್‌ಬಾಗ್ ಹತ್ತಿರ ಇದ್ದೀರಲ್ಲ, ದೊಡ್ಡ ಮರಗಳ ತುದಿ ನೋಡಿ. ತಂದೆ ತಾಯಿಯಷ್ಟೇ ದೊಡ್ಡದಾದ ಹದ್ದಿನ ಮರಿ ಊಟಕ್ಕೆ ಗೋಳಾಡುವುದು ಕೇಳಿಸುತ್ತದೆ. ಅದನ್ನು ವಿಡಿಯೊ ಮಾಡಿ ಚಿಕ್ಕಪ್ಪನಿಗೆ ಕಳಿಸಿ.

ಕರಿಬೇವಿನ ಹುಳಕ್ಕೆ ಬೇವಿನೆಣ್ಣೆ ಬೇಡ. ಮೊದಲು ಹಕ್ಕಿ ಹಿಕ್ಕೆಯ ಥರ ಕಂದು ಬಿಳುಪು, ಆಮೇಲೆ ಎಲೆ ಹಸಿರು ಆಗಿದ್ದರೆ ಅದು ಕಾಮನ್ ಮಾರ್ಮನ್ ಚಿಟ್ಟೆಯ ಹುಳ. ನಿಂಬೆ ಗಿಡದಲ್ಲೂ ಇರುತ್ತದೆ, ಅಲ್ಲಿ ನಿಂಬೆ ಚಿಟ್ಟೆಯದೂ ಇರಬಹುದು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬು ಹೊರಗೆ ಚಾಚುತ್ತದೆ, ಘಾಟು ವಾಸನೆ ಬರುತ್ತದೆ. ಹೆದರಬೇಡಿ, ಕಚ್ಚುವುದಿಲ್ಲ. ಎಣ್ಣೆ ಹೊಡೆದರೆ ಚಿಟ್ಟೆಯೂ ಹೋಯಿತು, ಮುಂದಿನ ಪಿಕಳಾರದ ಮರಿಯ ಊಟವೂ ಹೋಯಿತು. ಮಗಳ ಪಟ್ಟಿಯಲ್ಲಿ ಇರುವ ಹಸಿರು ಹುಳಗಳಲ್ಲಿ ಕೆಲವಾದರೂ ನಿಮ್ಮದೇ ಗಿಡದವು ಇರಬೇಕು.

ಬಾಲ್ಕನಿಗೆ ಬರಲು ಬಲವಂತ ಬೇಡ. ಕರಿಬೇವು ಕೆಳಗಿದೆಯಲ್ಲ, ಅಲ್ಲಿಂದ ಶುರು ಮಾಡಲಿ.

ಮೇಲುಕೋಟೆ_ಮೊಮ್ಮಗ

ಹಿತ್ತಲಗಿಡ ಮೇಡಂ ಕೀಟಭೃಂಗ ತೆಗೆದರು, ನಾನು ಇನ್ನೆರಡು ನ್ಯಾಯ ತರುತ್ತೇನೆ. ನಮ್ಮ ತಾತ ಮೇಲುಕೋಟೆಯವರು. ಶ್ರೀವೈಷ್ಣವರಲ್ಲಿ ವಡಗಲೈ, ತೆಂಗಲೈ ಅಂತ ಎರಡು ಕವಲು. ದೇವರಿಗೂ ಭಕ್ತನಿಗೂ ಏನು ಸಂಬಂಧ ಅನ್ನುವುದಕ್ಕೆ ವಡಗಲೈನವರು ಮರ್ಕಟ ನ್ಯಾಯ ಹೇಳುತ್ತಾರೆ: ಕೋತಿ ಮರಿ ತಾನೇ ತಾಯಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ತೆಂಗಲೈನವರದು ಮಾರ್ಜಾಲ ನ್ಯಾಯ: ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯಿ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಈ ಬಗ್ಗೆ ನೂರಾರು ವರ್ಷ ವಾದ ಮಾಡಿದ್ದಾರೆ.

ನಮ್ಮ ವಿದ್ಯಾರಣ್ಯಪುರದ ಮನೆಗೆ ಕೋತಿಗಳು ಬರುತ್ತವೆ, ಗ್ಯಾರೇಜಿನಲ್ಲಿ ಬೆಕ್ಕು ಮರಿ ಹಾಕುತ್ತದೆ. ಎರಡನ್ನೂ ನೋಡಿದ್ದೇನೆ. ಕೋತಿಗೆ ಹತ್ತಲು, ಹಾರಲು ನಾಲ್ಕೂ ಕೈಕಾಲು ಬೇಕು. ಅದಕ್ಕೆ ಮರಿ ಹಿಡಿದುಕೊಳ್ಳಲೇಬೇಕು. ಬೆಕ್ಕಿನ ಮರಿ ಕತ್ತು ಹಿಡಿದ ಕೂಡಲೇ ಮೈ ಸಡಿಲ ಬಿಟ್ಟು ಕಾಲು ಮಡಚಿಕೊಳ್ಳುತ್ತದೆ. ಒದ್ದಾಡಿದರೆ ಎತ್ತಲು ಆಗುವುದಿಲ್ಲ.

ನನಗೆ ಅವಳಿ ಮಕ್ಕಳು. ಮಗ ಮರ್ಕಟ, ಮಗಳು ಮಾರ್ಜಾಲ. ಒಂದೇ ಮನೆ, ಒಂದೇ ಅಪ್ಪ ಅಮ್ಮ. ತಾತನಿಗೆ ಇದನ್ನು ಹೇಳಿದ್ದರೆ ಯಾವ ಕಡೆ ಸೇರುತ್ತಿದ್ದರೋ!

ರಾಗಿಗುಡ್ಡ_ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಹೇಳಿದೆ. ಚಪಾತಿ ಲಟ್ಟಿಸುತ್ತಾ ಹೇಳಿದೆ, ಎದುರು ಕೂರಿಸಿಕೊಂಡು ಹೇಳಲು ಧೈರ್ಯ ಬರಲಿಲ್ಲ. ಜುಟ್ಟಮ್ಮ, ಜುಟ್ಟಪ್ಪ ಇಬ್ಬರೂ ಹಸಿರು ಹುಳ ತರಲು ಹೋಗಿದ್ದರು, ಗೂಡಿನ ಸುತ್ತಲೇ ಸುಳಿದಾಡುತ್ತಿದ್ದರೆ ಕೆಂಬೂತಕ್ಕೆ ಗೂಡು ಇನ್ನೂ ಬೇಗ ಗೊತ್ತಾಗುತ್ತಿತ್ತು ಅಂತ. ತಂತಿ ಮೇಲೆ ಕೂತು ನೋಡುವ ವಿಷಯ ಕೇಳಿದೆ. “ಹೂಂ, ಯಾವಾಗಲೂ ಎರಡು ಸಲ ನೋಡುತ್ತೆ, ನಾನು ಬರೆದಿದ್ದೀನಿ” ಅಂದಳು. ನಿಜವಾಗಿಯೂ ಬರೆದಿದ್ದಾಳೆ!

ಆಮೇಲೆ, “ಕೆಂಬೂತದ ಮರಿಗೆ ಊಟ ಆಯ್ತಾ?” ಅಂತ ಕೇಳಿದಳು. ಆಗಿರಬೇಕು ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಆದ್ರೂ ನಂಗೆ ಅದು ಇಷ್ಟ ಇಲ್ಲ” ಅಂದಳು. ಇಷ್ಟ ಪಡು ಅಂತ ನಾನೂ ಹೇಳಲಿಲ್ಲ.

ನಾನು ಆಫೀಸಿಗೆ ಹೋಗುವ ಬಗ್ಗೆ ಅವಳು ಏನೂ ಕೇಳಲೇ ಇಲ್ಲ. ಅದನ್ನೆಲ್ಲ ಸೇರಿಸಿಕೊಂಡದ್ದು ನಾನು ಮತ್ತು ಅತ್ತೆ.

ಅತ್ತೆಗೆ ಅಜ್ಜಿಯ ಸಾಲು ಓದಿ ಹೇಳಿದೆ. ಮುಖ ಅರಳಿತು, ಆದರೆ ಕೀಟಭೃಂಗ ಸುಳ್ಳು ಅಂದಿದ್ದನ್ನು ಒಪ್ಪಲಿಲ್ಲ. “ಹರಿಕಥೆ ದಾಸರು ಸುಳ್ಳು ಹೇಳ್ತಾರಾ?” ಅಂದರು. ಬೇವಿನೆಣ್ಣೆ ಬಾಟಲಿ ಮಾತ್ರ ಕಪಾಟಿಗೆ ವಾಪಸ್ ಹೋಗಿದೆ. ಕೆಳಗಿನ ಕೊಂಬೆ ಒಗ್ಗರಣೆಗೆ, ಮೇಲಿನ ಕೊಂಬೆ ಹುಳಕ್ಕೆ ಅಂತ ಅಜ್ಜಿ ಮೊಮ್ಮಗಳು ಒಪ್ಪಂದ ಮಾಡಿಕೊಂಡಿದ್ದಾರೆ. ಕೆಂಪು ಕೊಂಬು ನೋಡಲು ಪಕ್ಕದ ಮನೆಯ ಮಕ್ಕಳೂ ಬರುತ್ತಿದ್ದಾರೆ. ಆ ವಾಸನೆ ಮಾತ್ರ ಅಸಹ್ಯ.

ಸಿಲ್ಕ್‌ಬೋರ್ಡ್ ಸರ್, ನಿಮ್ಮ ಸಾಲನ್ನೂ ಓದಿ ಹೇಳಿದೆ. ನಮ್ಮನೆಯವರು ಮಂಗಳವಾರ, ಗುರುವಾರ ಬೇಗ ಬರುತ್ತೇನೆ ಅಂದಿದ್ದಾರೆ. ನೋಡೋಣ.

ಈಗ ಇನ್ನೊಂದು ಪ್ರಶ್ನೆ. ಗೂಡು ಖಾಲಿ ಇಲ್ಲ, ಒಡೆಯದ ಮೂರನೇ ಮೊಟ್ಟೆ ಇನ್ನೂ ಅಲ್ಲೇ ಇದೆ. ಮಗಳಿಗೆ ಅದನ್ನು ಗೂಡಿನ ಸಮೇತ ಸ್ಕೂಲಿಗೆ ತೆಗೆದುಕೊಂಡು ಹೋಗಿ ತೋರಿಸಬೇಕಂತೆ. ಮುಂದಿನ ವಾರ ಗ್ರಿಲ್‌ಗೆ ಬಣ್ಣ ಹೊಡೆಯಲು ಪೇಂಟರ್ ಬೇರೆ ಬರುವವನಿದ್ದಾನೆ, ಬಳ್ಳಿ ಕತ್ತರಿಸಬೇಕು ಅಂತಿದ್ದಾನೆ. ಏನು ಮಾಡಲಿ?

ಹಿತ್ತಲಗಿಡ

ಸ್ಕೂಲಿಗೆ ಬೇಡಮ್ಮ. ಕಾಡು ಹಕ್ಕಿಯ ಮೊಟ್ಟೆ ತೆಗೆದು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ಬಿಟ್ಟರೂ, ಇಷ್ಟು ದಿನ ಬಿಸಿಲಲ್ಲಿ ಕೂತ ಮೊಟ್ಟೆ ಬ್ಯಾಗಿನಲ್ಲಿ ಒಡೆದರೆ ಏನಾಗುತ್ತದೆ ಅಂತ ಅವಳಿಗೆ ಹೇಳಿ, ತಾನೇ ಬೇಡ ಅನ್ನುತ್ತಾಳೆ. ನೋಟ್‌ಬುಕ್ ತೆಗೆದುಕೊಂಡು ಹೋಗಲಿ. ಟೀಚರ್‌ಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಗೂಡನ್ನು ಅಲ್ಲೇ ಬಿಡಿ. ಬೇರೆ ಹಕ್ಕಿಗಳು ಅದರ ನಾರನ್ನು ಎಳೆದುಕೊಂಡು ಹೋಗುತ್ತವೆ. ದಾಸವಾಳಕ್ಕೆ ಸೂರಕ್ಕಿ ಬರುತ್ತಿದ್ದರೆ ಗಮನಿಸಿ, ಅದು ಜೇಡರಬಲೆಗೆ ಇಂಥ ನಾರು ಸೇರಿಸಿ ತೂಗುವ ಗೂಡು ಕಟ್ಟುತ್ತದೆ. ಬಳ್ಳಿಯನ್ನು ಈಗ ಕತ್ತರಿಸಬೇಡಿ. ನಿಮ್ಮ ಜೋಡಿ ಅಲ್ಲೇ ಎಲ್ಲೋ ಎರಡನೇ ಗೂಡಿಗೆ ಜಾಗ ಹುಡುಕುತ್ತಿರಬಹುದು. ಮಳೆಗಾಲ ಮುಗಿದ ಮೇಲೆ, ಒಳಗೆ ಕೈ ಹಾಕುವ ಮೊದಲು ಎಲೆ ಸರಿಸಿ ನೋಡಿ, ಆಮೇಲೆ ಸವರಿ.

ಪೇಂಟರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೇಳಿದ ವಾರಕ್ಕೆ ಬಂದ ಪೇಂಟರನ್ನು ನಾನಂತೂ ಈ ಊರಲ್ಲಿ ನೋಡಿಲ್ಲ.